ಬಿಡುಗಡೆಯಾಗದ ಕೈ

"ಓಡೋವಾಗ ಏನೂ ಇಲ್ಲ, ನಿಂತ್ರೆ ಸಾಯುತ್ತೆ ಅಂತೀರಾ? ನನ್ನ ಎರಡನೇ ಗಂಡನೂ ಹೀಗೇ ಇದ್ದ," ಅಂದಳು ಸಿಪ್ಪೆಯಲ್ಲಿ ಸುತ್ತಿದ ಮೆಕ್ಕೆಜೋಳದ ಕೆಂಕಿ ಉಂಡೆ ಮಾರುವ ಪೊಮಾ, ತಲೆಮೇಲಿನ ಬೋಗುಣಿ ಇಳಿಸುತ್ತ. "ಊರೂರು ಅಲೆಯೋವಾಗ ಗುಂಡುಕಲ್ಲು. ಮನೇಲಿ ಒಂದು ಗಳಿಗೆ ಕೂತ ಅಂದ್ರೆ ಕೆಮ್ಮು, ದಮ್ಮು, ಮೈಕೈ ನೋವು."

"ಪ್ಲಗ್ ಬದಲಾಯಿಸಬೇಕಿತ್ತು ಅಜ್ಜೀ," ಅಂದ ಟಾವಿಯಾ. ಅವನು ಪಕ್ಕದ ಶೆಡ್ಡಿನವನು, ಕಾರುಗಳ ವೈರಿಂಗ್ ಕೆಲಸ ಮಾಡುವವನು. ಎಲ್ಲ ಕಾರಿಗೂ ಸ್ವಿಚ್ಚು ಕೂಡಿಸುವ ಅವನ ಬಾಯಿಗೆ ಮಾತ್ರ ದೇವರು ಸ್ವಿಚ್ಚು ಕೂಡಿಸಿರಲಿಲ್ಲ.

"ಗಂಡನ್ನೇ ಬದಲಾಯಿಸಿದೆ ಕಣೋ. ಮೂರನೆಯವನು ಪರವಾಗಿಲ್ಲ."

ಸುತ್ತ ನಿಂತಿದ್ದ ನಾಲ್ಕಾರು ಜನ ನಕ್ಕರು. ಬಿರಾಗೊ ನಗಲಿಲ್ಲ. ಬೆರಳ ಸಂದಿಯ ಗ್ರೀಸನ್ನು ಹಳೇ ಬಟ್ಟೆಯಿಂದ ಒರೆಸುತ್ತ, ತನ್ನ ತಗಡಿನ ಸೂರಿನ ಕೆಳಗೆ ಬಂದು ನಿಂತ ಕಾರನ್ನೂ ಅದರ ಸ್ಟೀರಿಂಗಿನ ಹಿಂದೆ ಕೂತ ಮುದುಕರನ್ನೂ ನೋಡುತ್ತಿದ್ದಳು. ಕಾರು ಒಂದು ಕಾಲಕ್ಕೆ ಆಕಾಶದ ಬಣ್ಣದ್ದು, ಈಗ ಮಸಿಯರಿವೆಯ ಬಣ್ಣದ್ದು. ಮುದುಕರು ಆಸಿಯಾಮ ಮಾಸ್ಟರ್. ಕುಮಾಸಿಯ ಮ್ಯಾಗಜೀನಿನಲ್ಲಿ, ಬೆಳಗಾದರೆ ಸಾವಿರಾರು ಸುತ್ತಿಗೆ ಒಟ್ಟಿಗೆ ಬಡಿಯುವ ಆ ಗ್ಯಾರೇಜುಗಳ ಊರಿನಲ್ಲಿ, ಅವರನ್ನು ಅರಿಯದ ಫಿಟ್ಟರ್ ಇಲ್ಲ. ಕಣ್ಣು ಮುಚ್ಚಿಕೊಂಡು, ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಿದ್ದ ಮನುಷ್ಯ. ಈಗ ಎಪ್ಪತ್ತಾರು. ಅಕ್ಕ ತೀರಿಹೋದದ್ದಕ್ಕೆ ಮೈಮೇಲೆ ಕಪ್ಪು ಅಂಗಿ.

ಬಿರಾಗೊ ಈ ಸೂರು ಹಾಕಿಸಿ ಹದಿನಾಲ್ಕು ವರ್ಷವಾಗಿತ್ತು. ಮಾಸ್ಟರು ಅದರ ಕೆಳಗೆ ಬಂದದ್ದು ಇದೇ ಮೊದಲು.

ಬಂದವರು ಯಾರೇ ಆಗಲಿ, ಮೊದಲು ನೀರು, ಆಮೇಲೆ ಮಾತು. ಅವಳು ಲೋಟದಲ್ಲಿ ನೀರು ಕೊಟ್ಟಳು. ಅವರು ಎರಡು ಗುಟುಕು ಕುಡಿದು ಉಳಿದದ್ದನ್ನು ಹಿರೀಕರಿಗೆಂದು ನೆಲಕ್ಕೆ ಚೆಲ್ಲಿದರು.

"ದಾರಿ ಹೇಗಿತ್ತು ಮಾಸ್ಟರ್? ಏನು ಬಂದದ್ದು?"

"ಏನು ಬಂದದ್ದು ಅಂತ ಹೇಳೋದೇನಿದೆ, ಕಣ್ಣೆದುರಿಗೇ ನಿಂತಿದೆಯಲ್ಲ," ಅಂದರು ಮಾಸ್ಟರು. "ಶನಿವಾರ ಮಾಂಪಾಂಗಿನಲ್ಲಿ ಅಕ್ಕನ ಮಣ್ಣು. ಹೆಣದ ಗಾಡಿ ಹಿಂದೆ ನನ್ನ ಕಾರು. ಅದರಲ್ಲಿ ನಮ್ಮ ಕುಲದ ಹಿರಿಯರು ಕೂರ್ತಾರೆ. ಮೆಲ್ಲಗೆ ಹೋಗ್ಬೇಕು, ನಿಂತು ನಿಂತು ಹೋಗ್ಬೇಕು. ಈ ಮುಂಡೇದು ನಿಂತಲ್ಲೆಲ್ಲ ಆಫ್ ಆಗುತ್ತೆ. ಅಲ್ಲಿ ಕೆಂಪು ಕಪ್ಪು ಉಟ್ಕೊಂಡು ಇಡೀ ಊರೇ ನಿಂತಿರುತ್ತೆ. ಅಷ್ಟು ಜನರ ಮುಂದೆ ಫಿಟ್ಟರ್ ಆಸಿಯಾಮನ ಕಾರನ್ನ ತಳ್ಕೊಂಡು ಹೋಗೋದಾ?"

"ಬೇರೆ ಯಾರೂ ನೋಡಿಲ್ವಾ?"

"ಐದು ಜನ ನೋಡಿದ್ರು. ಪ್ಲಗ್ ಹಾಕಿದ್ರು, ಕಾಯಿಲ್ ಹಾಕಿದ್ರು, ಐಡ್ಲಿಂಗ್ ವಾಲ್ವ್ ಹೊಸದೇ ಹಾಕಿದ್ರು. ಐದೂ ನಾನೇ ಬಿಡುಗಡೆ ಕೊಟ್ಟ ಕೈಗಳು."

ಬೇಕಂತಲೇ ಅಂದರೋ ಬಾಯಿತಪ್ಪಿ ಬಂತೋ, ಆ ಮಾತು ಬಿರಾಗೊಳ ಎದೆಗೆ ನೇರ ಬಂದು ಕೂತಿತು.

ಮ್ಯಾಗಜೀನಿನಲ್ಲಿ ಕೆಲಸ ಕಲಿತರೆ ಸಾಲದು. ಕಲಿಸಿದವರು ನಾಲ್ಕು ಜನ ಹಿರಿಯರನ್ನು ಕೂರಿಸಿ, ಜಿನ್ನಿನ ಬಾಟಲಿ ಬಿಚ್ಚಿ ಸತ್ತ ಹಿರೀಕರಿಗೆ ನೆಲಕ್ಕೆರೆದು, ಶಿಷ್ಯನ ತಲೆ, ಹೆಗಲ ಮೇಲೆ ಬಿಳೀ ಪೌಡರು ಚೆಲ್ಲಿ, "ಇವತ್ತಿನಿಂದ ನಿನ್ನ ಕೈ ನಿನ್ನದು" ಅನ್ನಬೇಕು. ಅದಕ್ಕೇ ಬಿಡುಗಡೆ ಅನ್ನುವುದು. ಬಿರಾಗೊ ಏಳು ವರ್ಷ ಆಸಿಯಾಮ ಮಾಸ್ಟರ ಕೈಕೆಳಗೆ ದುಡಿದವಳು. ಹೆಣ್ಣು ಅಂತ ಬೇರೆಯವರು ಬಾಗಿಲಲ್ಲೇ ತಿರುಗಿಸಿ ಕಳಿಸಿದಾಗ ಒಳಗೆ ಕರೆದವರು ಅವರೊಬ್ಬರೇ. ಅದನ್ನವಳು ಯಾವತ್ತೂ ಮರೆತಿಲ್ಲ, ಮರೆಯುವುದಕ್ಕೆ ಜನ ಬಿಟ್ಟೂ ಇಲ್ಲ. ಏಳನೇ ವರ್ಷ ಬಾಟಲಿ ತಂದಿಟ್ಟಾಗಿತ್ತು, ಶುಕ್ರವಾರ ಅಂತ ಗೊತ್ತಾಗಿತ್ತು. ಅದರ ಹಿಂದಿನ ಸೋಮವಾರ ಒಬ್ಬ ಕೋಕೋ ವ್ಯಾಪಾರಿಯ ಕಾರು ಬಂತು. ನಿಂತಲ್ಲೇ ಓಡುವ ಐಡ್ಲಿಂಗಿನಲ್ಲಿ ಎಂಜಿನ್ನಿನ ಸದ್ದು ಏರುತ್ತೆ, ಇಳಿಯುತ್ತೆ. ಮಾಸ್ಟರು ಪ್ಲಗ್ ಅಂದರು. ಬಿರಾಗೊ ಗಿರಾಕಿಯ ಎದುರೇ, "ಥರ್ಮೋಸ್ಟ್ಯಾಟ್ ತೆಗೆದಿದೀವಲ್ಲ ಮಾಸ್ಟರ್, ಅದಕ್ಕೇ ಹೀಗೆ" ಅಂದುಬಿಟ್ಟಳು.

ಗುರುವಿಗೇ ತಿರುಮಂತ್ರ. ಶುಕ್ರವಾರ ಬಾಟಲಿ ಬಿಚ್ಚಲಿಲ್ಲ. "ನಿನ್ನ ಕೈ ಇನ್ನೂ ಮಾಗಿಲ್ಲ" ಅಂದರು ಮಾಸ್ಟರು. ಅಷ್ಟೇ. ಬೈಯಲೂ ಇಲ್ಲ.

ಬಿಡುಗಡೆ ಇಲ್ಲದೆಯೇ ಸೂರು ಹಾಕಿದಳು, ಗಿರಾಕಿಗಳೂ ಬಂದರು. ಆದರೆ ಬಿಡುಗಡೆ ಆಗದ ಕೈ ಇನ್ನೊಂದು ಕೈಯನ್ನು ಬಿಡಿಸುವ ಹಾಗಿಲ್ಲ. ಇಬ್ಬರು ಹೆಂಗಸರು ಅವಳ ಹತ್ತಿರ ಐದೈದು ವರ್ಷ ಕಲಿತರು. ಕೊನೆಗೆ ಬರೀ ಆ ಪೌಡರಿಗೋಸ್ಕರ ಇನ್ನೊಬ್ಬ ಫಿಟ್ಟರನ ಶೆಡ್ಡು ಒಂದು ವರ್ಷ ಗುಡಿಸಿದರು. ಅವರಲ್ಲೊಬ್ಬಳು ಈಗ ಕೇಳಿದವರಿಗೆಲ್ಲ ಅವನ ಹೆಸರನ್ನೇ ಗುರು ಅಂತ ಹೇಳುತ್ತಾಳೆ. ತಪ್ಪೇನೂ ಇಲ್ಲ, ಹಾಗೆ ಹೇಳಿದರೇ ಅವಳಿಗೆ ಅನ್ನ.

ಬಿರಾಗೊ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡಳು.

"ಮಾಸ್ಟರ್, ನಾನು ನೋಡ್ತೀನಿ. ಕೂಲಿ ಬೇಡ. ಸರಿಯಾದ್ರೆ ಬಾಟಲಿ ತರ್ಬೇಕು, ಪೌಡರ್ ತರ್ಬೇಕು. ನಾಲ್ಕು ಜನರ ಎದುರಿಗೆ."

ಪೊಮಾ ಕೆಂಕಿಯ ಸಿಪ್ಪೆ ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದಳು. ಮಾಸ್ಟರು ಖಾಲಿ ಲೋಟವನ್ನು ಬೆರಳಲ್ಲಿ ತಿರುಗಿಸುತ್ತ ಕೂತರು.

"ಮೊದಲು ಕಾರು ಆಫ್ ಆಗದೆ ನಿಲ್ಲಲಿ. ಆಮೇಲೆ ಮಾತು."

ಹೂಂ ಅಂದ ಹಾಗೂ ಅಲ್ಲ, ಊಹೂಂ ಅಂದ ಹಾಗೂ ಅಲ್ಲ. ಬಾಯಾರಿದವಳಿಗೆ ಅಷ್ಟು ಸಾಕಾಯಿತು. ಹೂಂ ಅಂದರು ಅಂತಲೇ ಅವಳು ಇಟ್ಟುಕೊಂಡಳು.

ಎಂಜಿನ್ ಶುರು ಮಾಡಿಸಿದಳು. ಮೊದಲು ಜೋರಾಗಿ ಕೂಗಿತು, ಆಮೇಲೆ ಇಳಿಯಿತು, ತಿರುಗಿ ಏರಿತು. ಸೈಲೆನ್ಸರಿನ ತುದಿಯಲ್ಲಿ ಬೆರಳಾಡಿಸಿದರೆ ಹಂಚಿನ ತಳದ ಮಸಿ. ಪೆಟ್ರೋಲಿನ ಘಾಟು ಬೇರೆ, ಕುಡಿದು ಬಂದವನ ಬಾಯಿಯ ಹಾಗೆ. ಗಾಳಿ ಎಲ್ಲಾದರೂ ಸೋರುತ್ತಿದೆಯಾ ಅಂತ ಪೈಪು ಪೈಪಿಗೂ ಕ್ಲೀನರ್ ಚಿಮುಕಿಸಿ ನೋಡಿದಳು. ಸೋರಿದ್ದರೆ ಸದ್ದು ಬದಲಾಗಬೇಕಿತ್ತು, ಆಗಲಿಲ್ಲ. ಪ್ಲಗ್ ಬಿಚ್ಚಿದಳು. ಹಾಕಿ ಹತ್ತು ದಿನವೂ ಆಗಿಲ್ಲ, ನಾಲ್ಕೂ ಕಾಡಿಗೆ ಬಳಿದುಕೊಂಡು ಕೂತಿದ್ದವು.

"ಹೊಸ ಪ್ಲಗ್ ಹಾಕಿದ ತಕ್ಷಣ ನಾಲ್ಕು ದಿನ ಸರಿಹೋಗಿತ್ತಾ?"

"ಮೂರು ದಿನ. ಹಾಕಿದವನು ಅಷ್ಟರಲ್ಲಿ ಬೀಗಿ ಹೋಗಿದ್ದ," ಅಂದರು ಮಾಸ್ಟರು.

ಪ್ಲಗ್ ಒರೆಸಿ ಹಾಕಿ, ತಿರುಗಿ ಶುರು ಮಾಡಿದಳು. ಮಾಸ್ಟರು ಕಾರಿನಿಂದಿಳಿದು ಬಂದು, ಹಳೇ ಠೀವಿಯಲ್ಲಿ ಒಂದು ಮಾರು ದೂರ ನಿಂತು, ತಲೆ ಓರೆ ಮಾಡಿ ಕಣ್ಣು ಮುಚ್ಚಿದರು. ಅದನ್ನು ನೋಡುವುದಕ್ಕೇ ಒಂದು ಕಾಲದಲ್ಲಿ ಜನ ಸೇರುತ್ತಿದ್ದರು. ಈಗಲೂ ನಾಲ್ಕು ಜನ ಸುಮ್ಮನಾದರು. ಎಂಜಿನ್ ಏರಿತು, ಇಳಿಯಿತು, ಒಮ್ಮೆ ಬಿಕ್ಕಿ ಆಫ್ ಆಯಿತು. ಉಳಿದದ್ದು ಸುತ್ತಲಿನ ಸುತ್ತಿಗೆಗಳ ಸದ್ದು ಮಾತ್ರ.

"ಹಾಂ, ಈಗ ಕೇಳ್ಕೊ," ಅಂದರು ಮಾಸ್ಟರು ಕಣ್ಣು ತೆರೆಯದೆ. "ಏರ್ತಾ ಇದೆ, ಇಳೀತಾ ಇದೆ. ಎರಡನೇ ಸಿಲಿಂಡರು."

ಪೊಮಾ ನೆಲ ನೋಡಿದಳು. ಬಿರಾಗೊ ಸದ್ದಿಲ್ಲದೆ ಕೈಚಾಚಿ ಕೀ ತಿರುಗಿಸಿ, ಎಂಜಿನ್ನನ್ನು ಅವರ ಮಾತಿಗೆ ಸರಿಯಾಗಿ ತಿರುಗಿ ಓಡಿಸಿದಳು. ಮ್ಯಾಗಜೀನಿನ ಕಿವಿ ಹೋಗಿತ್ತು. ಎಷ್ಟು ವರ್ಷದಿಂದಲೋ. ಅದನ್ನು ಕೈಯ ಬಿಡುಗಡೆ ಪಡೆದ ಐದೂ ಜನ ಕಂಡಿರಬೇಕು, ಕಂಡು ಸುಮ್ಮನಿದ್ದಿರಬೇಕು.

ಆಫ್ ಆದಾಗಲೆಲ್ಲ ತಿರುಗಿ ಶುರು ಮಾಡುತ್ತ ಅರ್ಧ ಗಂಟೆ ಎಂಜಿನ್ ಓಡಿಸಿದ ಮೇಲೆ ಬಿರಾಗೊ ತನ್ನ ಹಳೇ ಸ್ಕ್ಯಾನರನ್ನು ಸ್ಟೀರಿಂಗಿನ ಕೆಳಗೆ ಚುಚ್ಚಿದಳು. ನೀರಿನ ಬಿಸಿ ಐವತ್ತೈದು ಡಿಗ್ರಿ. ತೊಂಬತ್ತರ ಹತ್ತಿರ ಇರಬೇಕಾದದ್ದು. ಮೀಟರಿನ ಮುಳ್ಳು ತಳದಲ್ಲೇ ಮಲಗಿತ್ತು. ಅವಳಿಗೆ ಮುಂದಿನದು ನೋಡುವುದೇ ಬೇಕಿರಲಿಲ್ಲ. ಆದರೂ ಎಂಜಿನ್ ಆರಿಸಿ, ನೀರು ಇಳಿಸಿ, ರೇಡಿಯೇಟರಿನ ಮೇಲಿನ ಹೋಸು ಸೇರುವ ಕಡೆ ಎರಡು ಬೋಲ್ಟು ಬಿಚ್ಚಿದಳು. ಒಳಗೆ, ನೀರು ಬಿಸಿಯಾಗುವವರೆಗೂ ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟ್ಯಾಟ್ ಇರಬೇಕಾದ ಕಡೆ ಬರೀ ತೂತು. ಪ್ಯಾಕಿಂಗು ಮಾತ್ರ ಇತ್ತು, ಹಾಲಿನಪುಡಿ ಡಬ್ಬಿಯ ರಟ್ಟಿನಲ್ಲಿ ಕತ್ತರಿಸಿದ್ದು, ಒಂದು ಮೂಲೆ ಸ್ವಲ್ಪ ವಾರೆ.

ಆ ವಾರೆ ಅವಳ ಕತ್ತರಿಯದೇ. ಹದಿನಾರು ವರ್ಷದ ಹಿಂದೆ, ಈ ಕಾರು ಹಡಗಿನಿಂದಿಳಿದು ಬಂದ ವಾರ, ಮಾಸ್ಟರು "ಕಿತ್ತೆಸಿ" ಅಂದಿದ್ದರು. ಕಿತ್ತೆಸೆದವಳು ಅವಳು. ಇದೊಂದೇ ಅಲ್ಲ, ಏಳು ವರ್ಷದಲ್ಲಿ ಅವಳ ಕೈ ಕಿತ್ತ ಥರ್ಮೋಸ್ಟ್ಯಾಟುಗಳನ್ನು ರಾಶಿ ಹಾಕಿದರೆ ಒಂದು ಲಾರಿ ತುಂಬುತ್ತಿತ್ತು.

"ಸಿಕ್ತು ಮಾಸ್ಟರ್," ಅಂದಳು, ಮಾತಿಗೆ ಅವರು ಒಡ್ಡುತ್ತಿದ್ದ ಬಲಗಿವಿಯ ಹತ್ತಿರ ಬಾಗಿ, ಆದರೆ ಬೇರೆಯವರಿಗೆ ಕೂಗಿದ ಹಾಗೆ ಕೇಳಿಸದಂತೆ. "ಥರ್ಮೋಸ್ಟ್ಯಾಟ್ ಇಲ್ಲ. ನಾನೇ ತೆಗೆದದ್ದು, ನೀವು ಹೇಳಿದ್ರಿ."

ಮಾಸ್ಟರ ಮುಖದಲ್ಲಿ ಏನೂ ಕದಲಲಿಲ್ಲ.

"ಅದು ಬಿಳಿಯರ ಚಳಿಗೆ ಮಾಡಿದ್ದು. ನಮ್ಮ ಬಿಸಿಲಿಗೆ ಅದು ಯಾಕೆ? ಮ್ಯಾಗಜೀನಿನಲ್ಲಿ ಯಾವ ಕಾರಿನಲ್ಲಿದೆ ಹೇಳು."

"ಯಾವುದರಲ್ಲೂ ಇಲ್ಲ ಮಾಸ್ಟರ್. ಅದಕ್ಕೇ ಎಲ್ಲವೂ ಪೆಟ್ರೋಲ್ ಕುಡೀತವೆ."

"ಹದಿನಾರು ವರ್ಷ ಓಡಿಲ್ವಾ ಇದು?"

"ಓಡಿದೆ. ಕೇಳಿ ಮಾಸ್ಟರ್. ನೀರು ಬಿಸಿಯಾಗ್ದಿದ್ರೆ ಎಂಜಿನ್ನಿನ ಕಂಪ್ಯೂಟರು ಇನ್ನೂ ಬೆಳಗಾಗಿಲ್ಲ ಅಂದ್ಕೊಳ್ಳುತ್ತೆ. ಪೆಟ್ರೋಲ್ ಸುರೀತಾನೇ ಇರುತ್ತೆ, ಎಂಜಿನ್ ಕೂಗ್ತಾನೇ ಇರುತ್ತೆ. ಜಾಸ್ತಿ ಕೂಗ್ತಿದೆ ಅಂತ ನಿಮ್ಮ ಐದೂ ಜನ ಗಾಳಿ ಬಿಡೋ ಐಡ್ಲಿಂಗ್ ಸ್ಕ್ರೂ ತಿರುಗಿಸಿ ತಿರುಗಿಸಿ ಮೂಗು ಮುಚ್ಚಿದಾರೆ. ಗಾಡಿಗಳ ಸಾಲಿನಲ್ಲಿ ಸಿಕ್ಕಿಕೊಂಡು ಒಂಚೂರು ಬಿಸಿ ಏರ್ತು ಅನ್ನಿ, ಕಂಪ್ಯೂಟರು ಗಾಳಿ ಕಮ್ಮಿ ಮಾಡುತ್ತೆ, ಸ್ಕ್ರೂ ಮೊದಲೇ ಮುಚ್ಚಿದೆ. ಉಸಿರೆಲ್ಲಿಂದ ಬರ್ಬೇಕು? ಸಾಯುತ್ತೆ."

"ಫ್ಯಾನು?" ಅಂದ ಟಾವಿಯಾ, ಕೇಳಬಾರದಿತ್ತು ಅನ್ನುವ ಮುಖ ಮಾಡಿಕೊಂಡು.

"ಅದನ್ನ ನೀನೇ ಹೇಳಪ್ಪ. ಕೀ ತಿರುಗಿಸಿದ ಗಳಿಗೆಯಿಂದ ತಿರುಗುತ್ತಲ್ಲ, ಬ್ಯಾಟರಿಯಿಂದ ನೇರ ವೈರು ಎಳೆದವರು ಯಾರು?"

"ಎಲ್ಲರಿಗೂ ಹಾಗೇ ಮಾಡ್ಕೊಡೋದು ಅಕ್ಕ. ತಣ್ಣಗಿರ್ಲಿ ಅಂತ."

"ತಣ್ಣಗಿರ್ಲಿ ಅಂತ. ಅದಕ್ಕೇ ಶೀತ ಹಿಡಿದಿದೆ. ಬಿಸಿಯಾದಾಗ ಮಾತ್ರ ಆನ್ ಆಗೋ ಸ್ವಿಚ್ಚಿಗೆ ಕೊಡು."

ಥರ್ಮೋಸ್ಟ್ಯಾಟಿಗಾಗಿ ಅವಳು ಬಿಸಿಲಲ್ಲಿ ಮೂರು ಓಣಿ ಸುತ್ತಿದಳು. ಬಿಡಿಭಾಗದ ಅಂಗಡಿಯವರು ನಕ್ಕರು. ಕೊಳ್ಳುವವರೇ ಇಲ್ಲದ ಸರಕನ್ನು ಯಾರು ಇಡುತ್ತಾರೆ? ಕಡೆಗೆ ಹಡಗಿನಿಂದ ಮೊನ್ನೆ ತಾನೇ ಇಳಿದ, ಮ್ಯಾಗಜೀನಿನ ಕೈ ಇನ್ನೂ ಮುಟ್ಟದ ಒಂದು ಹಳೇ ಎಂಜಿನ್ನಿನಿಂದ ಬಿಚ್ಚಿಸಿಕೊಂಡು ಬಂದಳು. ಬಂದವಳು ಪೊಮಾಳ ಒಲೆಯ ಮೇಲೆ ಕುದಿಯುತ್ತಿದ್ದ ನೀರನ್ನು ಒಂದು ಡಬ್ಬಿಗೆ ಬಗ್ಗಿಸಿಕೊಂಡು, ಮಾಸ್ಟರ ಕಾಲಬುಡದಲ್ಲಿಟ್ಟು, ಅದರೊಳಗೆ ಥರ್ಮೋಸ್ಟ್ಯಾಟನ್ನು ದಾರದಲ್ಲಿ ಇಳಿಬಿಟ್ಟಳು. ಹಿತ್ತಾಳೆಯ ಆ ಪುಟ್ಟ ಬಾಯಿ ಮೆಲ್ಲಗೆ ತೆರೆದುಕೊಂಡಿತು. ಮೇಲೆತ್ತಿದಳು, ಮುಚ್ಚಿಕೊಂಡಿತು.

"ನೋಡಿ ಮಾಸ್ಟರ್. ಎಷ್ಟು ಬೇಕೋ ಅಷ್ಟು ಬಿಸಿ ಆಗೋವರೆಗೂ ಬಾಯಿ ಮುಚ್ಕೊಂಡಿರುತ್ತೆ. ಆಮೇಲೆ ಬಿಡುತ್ತೆ."

ಮಾಸ್ಟರು ಬಹಳ ಹೊತ್ತು ಡಬ್ಬಿಯೊಳಗೆ ನೋಡಿದರು.

"ಇವತ್ತು ತೆರೀತು," ಅಂದರು. "ನಾಳೆ? ನನ್ನ ಮೊದಲನೇ ಗಿರಾಕಿಯ ಲಾರಿ ಗೊತ್ತಾ ನಿನಗೆ? ಮೆಣಸಿನಕಾಯಿ ಹೇರ್ಕೊಂಡು ತಮಾಲೆಗೆ ಹೊರಟಿತ್ತು. ಇಂಥದ್ದೇ ಒಂದು, ಬಾಯಿ ತೆರೀಲಿಲ್ಲ. ಕಾಡಿನ ನಡುವೆ ಎಂಜಿನ್ ಸೀಳಿಹೋಯ್ತು. ಮೂರು ದಿನ ಅಲ್ಲೇ ಬಿದ್ದಿದ್ದ ಆ ಮನುಷ್ಯ. ವಾಪಸ್ ಬಂದವನು ಹೊಡೀಲಿಲ್ಲ, ಬೈಲಿಲ್ಲ. ನನ್ನ ಶೆಡ್ಡಿನ ಮುಂದೆ ಒಂದು ಇಡೀ ದಿನ ಕೂತಿದ್ದು ಎದ್ದುಹೋದ. ಆವತ್ತಿಂದ ಕಿತ್ತೆಸೀತಿದೀನಿ."

ಈ ಕಥೆಯನ್ನು ಏಳು ವರ್ಷದಲ್ಲಿ ಅವರು ಅವಳಿಗೆ ಹೇಳಿರಲಿಲ್ಲ. ಆವತ್ತು ಹೇಳಿದ್ದರೆ, ಅನ್ನಿಸಿತು ಬಿರಾಗೊಗೆ, ಗಿರಾಕಿಯ ಎದುರು ತಾನು ಹಾಗೆ ಬಾಯಿ ಬಿಡುತ್ತಿರಲಿಲ್ಲವೇನೋ. ಅಥವಾ ಬಿಡುತ್ತಿದ್ದಳೋ. ಈಗ ಯಾರು ಬಲ್ಲರು.

"ಕೆಟ್ಟ ಥರ್ಮೋಸ್ಟ್ಯಾಟ್ ಬದಲಾಯಿಸಬೇಕು ಮಾಸ್ಟರ್. ಬಾಗಿಲು ಹಿಡ್ಕೊಳ್ತು ಅಂತ ಮನೆ ಬಾಗಿಲೇ ಕಿತ್ತೆಸೀತಾರಾ?"

"ನಿನ್ನ ಬಾಯಿ ಮಾತ್ರ ಹದಿನಾಲ್ಕು ವರ್ಷದಿಂದ ಹಾಗೇ ಇದೆ," ಅಂದರು. ತುಟಿಯ ಕೊನೆಯಲ್ಲಿ ನಗುವಿನಂಥದ್ದೇನೋ ಬಂದು ಹೋಯಿತು. ಅವಳು ಅದನ್ನು ಎತ್ತಿಟ್ಟುಕೊಂಡಳು.

ಹಾಕಿದಳು. ಹೊಸ ಪ್ಯಾಕಿಂಗು ಕತ್ತರಿಸಿದಳು. ನೀರು ತುಂಬಿ, ಗಾಳಿಗುಳ್ಳೆ ಹೋಗುವವರೆಗೂ ಕಾದಳು. ಪ್ಲಗ್ ಉಜ್ಜಿದಳು. ಐದು ಕೈ ಮುಚ್ಚಿದ ಸ್ಕ್ರೂವನ್ನು ಕೂದಲೆಳೆಯಷ್ಟಷ್ಟೇ ಬಿಚ್ಚುತ್ತ ಬಂದಳು. ಟಾವಿಯಾ ಫ್ಯಾನನ್ನು ಸ್ವಿಚ್ಚಿಗೆ ಕೊಟ್ಟ. ಎಂಜಿನ್ ಶುರುವಾಯಿತು, ಕೂಗಿತು, ಹತ್ತು ನಿಮಿಷಕ್ಕೆ ಕೂಗು ತಾನಾಗಿ ತಗ್ಗಿತು. ಆಮೇಲೆ ಒಂದೇ ಸಮ. ಉಂಡು ಮಲಗಿದ ಬೆಕ್ಕಿನ ಗೊರಗೊರ. ಪೊಮಾ ನೀರು ತುಂಬಿದ ಲೋಟವನ್ನು ತಂದು ಎಂಜಿನ್ನಿನ ಮೇಲಿಟ್ಟಳು. ಒಂದು ಹನಿ ತುಳುಕಲಿಲ್ಲ.

"ಇಂಥ ಗಂಡ ಸಿಕ್ಕಿದ್ರೆ ಮೂರನೇದಕ್ಕೆ ಹೋಗ್ತಿರಲಿಲ್ಲ ನಾನು," ಅಂದಳು.

ಜನ ಸೇರಿದರು. ಐದರಲ್ಲಿ ಮೂರು ಜನ ಶಿಷ್ಯರೂ ಬಂದಿದ್ದರು, ಎದೆಗೆ ಕೈಕಟ್ಟಿ ನಿಂತಿದ್ದರು. ಮಾಸ್ಟರು ಒಳಗೆ ಕೂತರು. ಅವರು ಸದ್ದು ಕೇಳುತ್ತಿರಲಿಲ್ಲ, ಮೀಟರು ನೋಡುತ್ತಿದ್ದರು. ಹದಿನಾರು ವರ್ಷ ತಳದಲ್ಲಿ ಮಲಗಿದ್ದ ಮುಳ್ಳು ಎದ್ದು, ಏರಿ, ನಟ್ಟನಡುವೆ ಬಂದು ನಿಂತಿತ್ತು. ಅವರ ಹಣೆಯಲ್ಲಿ ಬೆವರು.

"ಇದು ಏರ್ತಿದೆ."

"ಅಲ್ಲೇ ನಿಲ್ಲುತ್ತೆ ಮಾಸ್ಟರ್. ಅದೇ ಅದರ ಜಾಗ."

"ಇಷ್ಟು ಮೇಲೆ ನನ್ನ ಯಾವ ಕಾರಿನಲ್ಲೂ ಹೋದದ್ದಿಲ್ಲ."

"ನಿಮ್ಮ ಯಾವ ಕಾರಿನಲ್ಲೂ ಅದು ಇರ್ಲಿಲ್ಲ ಮಾಸ್ಟರ್."

ಶಿಷ್ಯರಲ್ಲೊಬ್ಬ ಕೆಮ್ಮಿದ. ತಪ್ಪಿತು ಅಂತ ಆಡಿದ ಮೇಲೆ ಅವಳಿಗೆ ಗೊತ್ತಾಯಿತು. ಅದೇ ತಪ್ಪು, ಅದೇ ಬಾಯಿ, ಮತ್ತೆ ಜನರ ಎದುರು. ಮಾತು ತಿರುಗಿಸಿ ಬೇಗ ಕೇಳಿಬಿಟ್ಟಳು.

"ಕಾರು ಆಫ್ ಆಗದೆ ನಿಂತಿದೆ ಮಾಸ್ಟರ್. ಈಗ ಮಾತು."

ಮಾಸ್ಟರು ಎಂಜಿನ್ ಆರಿಸಿದರು. ತಮ್ಮ ಕಪ್ಪು ಅಂಗಿಯ ತೋಳನ್ನು ಎರಡು ಬೆರಳಲ್ಲಿ ಹಿಡಿದು ತೋರಿಸಿದರು.

"ಏನು ಉಟ್ಟಿದೀನಿ ನೋಡು. ಅಕ್ಕನ್ನ ಇನ್ನೂ ಮಣ್ಣು ಮಾಡಿಲ್ಲ. ಈ ಕೈಯಲ್ಲಿ ಬಿಳೀ ಪೌಡರ್ ಹಿಡೀಲಾ? ನಲವತ್ತು ದಿನ ಆಗ್ಲಿ. ವರ್ಷದ ಕಾರ್ಯ ಆಗ್ಲಿ. ಆಮೇಲೆ ನೋಡೋಣ."

ಅದರಲ್ಲಿ ಸುಳ್ಳೇನಿರಲಿಲ್ಲ. ಸೂತಕದಲ್ಲಿ ಬಿಳಿ ಮುಟ್ಟುವ ಹಾಗಿಲ್ಲ ಅಂತ ಮಗುವಿಗೂ ಗೊತ್ತು. ಸೇರಿದ್ದವರೆಲ್ಲ ಹೌದು ಹೌದು ಅಂದರು, ಶಿಷ್ಯರು ಎಲ್ಲರಿಗಿಂತ ಮೊದಲು. ನ್ಯಾಯವಾದ ಮಾತಿನಿಂದ ಹೊಡೆದ ಏಟಿಗೆ ಅಳುವುದಕ್ಕೂ ಬರುವುದಿಲ್ಲ.

"ಮಾತಲ್ಲಾದ್ರೂ ಅನ್ನಿ ಮಾಸ್ಟರ್. ಪೌಡರ್ ಆಮೇಲೆ ಆಗ್ಲಿ. ಇವರೆಲ್ಲ ಇದಾರೆ. ಬಿರಾಗೊಳ ಕೈ ಮಾಗಿದೆ ಅಂತ ಒಂದು ಮಾತು."

ಮಾಸ್ಟರು ಬಲಗಿವಿಯನ್ನು ಅವಳಿಂದ ಆಚೆ ತಿರುಗಿಸಿಕೊಂಡು, ಕೀ ತಿರುಗಿಸಿದರು. ಕೇಳಿಸಿತೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ. ಕಾರು ಗೊರಗುಟ್ಟುತ್ತ ಹಿಂದಕ್ಕೆ ಸರಿದು, ಕೆಂಪುಮಣ್ಣಿನ ಗುಂಡಿಗಳ ನಡುವೆ ಎಲ್ಲೂ ಬಿಕ್ಕದೆ ಹೊರಟುಹೋಯಿತು.

ಸೋಮವಾರ ಬೆಳಿಗ್ಗೆ ಬಿರಾಗೊ ಬರುವಷ್ಟರಲ್ಲಿ ಒಬ್ಬ ಟ್ಯಾಕ್ಸಿಯವನು ಕಾಯುತ್ತಿದ್ದ. ಅವನದೂ ಐಡ್ಲಿಂಗಿನ ತೊಂದರೆಯೇ, ಮಾಸ್ಟರ ಕಾರಿನ ಸುದ್ದಿ ಕೇಳಿ ಬಂದವನು. "ಕೂತಿರಿ ಅಣ್ಣ, ಎಂಜಿನ್ ಓಡ್ತಾ ಇರ್ಲಿ, ಬಿಸಿ ಎಷ್ಟೇರುತ್ತೆ ನೋಡೋಣ," ಅಂದು ಅವಳು ಸ್ಕ್ಯಾನರ್ ತರಲು ಹೋದಳು. ಟಾವಿಯಾ ಬಂದ. ಶನಿವಾರದ ಸೂತಕದ ಕೆಂಪು ಪಟ್ಟಿ ಇನ್ನೂ ಅವನ ಮಣಿಕಟ್ಟಿನಲ್ಲಿತ್ತು. ಯಾವತ್ತೂ ಹತ್ತು ಮಾರು ದೂರದಿಂದಲೇ ಬಾಯಿ ಶುರು ಮಾಡುವವನು ಹತ್ತಿರ ಬಂದೂ ಸುಮ್ಮನೆ ನಿಂತ.

"ಏನೋ? ಸಾವಿನಮನೆ ಕುಡಿತ ಇನ್ನೂ ಇಳಿದಿಲ್ವಾ?"

"ಕಾರು ನಿಂತುಹೋಯ್ತು ಅಕ್ಕ."

"ಯಾವ ಕಾರು?"

"ಮಾಸ್ಟರ್ದು. ಮಾಂಪಾಂಗಿನ ಏರಿನಲ್ಲಿ, ಅವರ ಕುಲದ ಹಿರಿಯರು ಒಳಗೆ ಕೂತಿದ್ರು. ಡೋಲಿನವರು ಮುಂದೆ, ಜನ ಎರಡೂ ಕಡೆ. ಆರು ಸಲ ಆಫ್ ಆಯ್ತು. ಏಳನೇ ಸಲ ಶುರುವಾಗ್ಲೇ ಇಲ್ಲ. ಹೆಂಗಸರು ಬಂದು ತಳ್ಳಿದ್ರು, ದುಃಖದ ಬಟ್ಟೆಯಲ್ಲೇ."

ಬಿರಾಗೊ ಸ್ಕ್ಯಾನರನ್ನು ಕೆಳಗಿಟ್ಟಳು. "ಅದು ನಿಲ್ಲೋಕೆ ಸಾಧ್ಯ ಇಲ್ಲ."

"ಶುಕ್ರವಾರ ತೆಗೆಸಿದ್ರು ಅಕ್ಕ. ಥರ್ಮೋಸ್ಟ್ಯಾಟ್ನ. ಮುಳ್ಳು ನಡುವೆ ನಿಂತಿದ್ದು ನೋಡಿ ಎರಡು ರಾತ್ರಿ ನಿದ್ದೆ ಮಾಡಿಲ್ವಂತೆ. ಹೆಣದ ಹಿಂದೆ ಎಂಜಿನ್ ಸೀಳಿಹೋದ್ರೆ ಅಂತ. ಕಿತ್ತ ತಕ್ಷಣ ತಿರುಗಿ ಕೂಗೋಕೆ ಶುರು ಮಾಡ್ತು. ಅವರ ಹುಡುಗರು ಸ್ಕ್ರೂ ತಿರುಗಿಸಿ ಕೂಗು ಅಡಗಿಸಿದ್ರು."

"ಮೂಗು ಮುಚ್ಚಿದ್ರು."

"ಹೂಂ."

"ಜನ ಏನಂದ್ರು?"

ಟಾವಿಯಾ ಮಣಿಕಟ್ಟಿನ ಕೆಂಪು ಪಟ್ಟಿಯನ್ನು ಎಳೆಯುತ್ತ ನಿಂತ. ಪೊಮಾ ದೂರದಿಂದಲೇ ಬೋಗುಣಿ ಹೊತ್ತು ಬರುತ್ತಿದ್ದವಳು, ಅವನ ಮುಖ ನೋಡಿ ಅಲ್ಲೇ ನಿಂತಳು.

"ಜನ ಏನೂ ಅನ್ಲಿಲ್ಲ. ಹಿರಿಯರು ಕೇಳಿದ್ರು, ಆಸಿಯಾಮಾ, ನಿನ್ನ ಕಾರಿಗೇ ಹೀಗಾ ಅಂತ. ಮಾಸ್ಟರು ಎಲ್ಲರಿಗೂ ಕೇಳಿಸೋ ಹಾಗೆ ಅಂದ್ರು. ಅವರಿಗೆ ಕಿವಿ ಕೇಳಲ್ಲ ನೋಡು, ಮಾತು ಜೋರಾಗಿಯೇ ಬರುತ್ತೆ. 'ನಾನು ಬಿಡುಗಡೆ ಕೊಡದ ಕೈಗೆ ಕಾರು ಕೊಟ್ಟೆ, ಅದು ನನ್ನ ತಪ್ಪು' ಅಂದ್ರು. ಮ್ಯಾಗಜೀನಿನ ಸಂಘದವರೆಲ್ಲ ಇದ್ರು ಅಲ್ಲಿ."

ಬಿಡುಗಡೆ ಕೊಡದ ಕೈ. ಹದಿನಾಲ್ಕು ವರ್ಷ ಅವರು ಅದನ್ನು ಜನರ ಮುಂದೆ ಬಾಯಿಬಿಟ್ಟು ಆಡಿರಲಿಲ್ಲ. ಆಡದೆ ಇದ್ದದ್ದರಲ್ಲಿ ಒಂದು ಸಂದು ಇತ್ತು. ಆ ಸಂದಿನಲ್ಲೇ ಅವಳು ಸೂರು ಹಾಕಿಕೊಂಡಿದ್ದಳು, ಗಿರಾಕಿಗಳನ್ನು ಸೇರಿಸಿಕೊಂಡಿದ್ದಳು, ಒಂದಲ್ಲ ಒಂದು ದಿನ ಅಂತ ಕಾದಿದ್ದಳು. ಹೆಣದ ಮುಂದೆ ಆಡಿದ ಮಾತನ್ನು ಯಾರೂ ಹಿಂದಕ್ಕೆ ತಗೊಳ್ಳುವುದಿಲ್ಲ.

"ನೀನು ಅಲ್ಲೇ ಇದ್ದೆ."

"ಇದ್ದೆ."

"ಥರ್ಮೋಸ್ಟ್ಯಾಟ್ ಕಿತ್ತದ್ದು ನಿನಗೆ ಗೊತ್ತಿತ್ತು. ಏನಂದೆ?"

"ಸಾವಿನಮನೆ ಅಕ್ಕ. ಹಿರಿಯರು, ಡೋಲು, ಅಳು. ಅಲ್ಲಿ ನಾನೇನು ಅನ್ಲಿ?"

"ಕಿತ್ತದ್ದು ನಿನಗೆ ಹೇಗೆ ಗೊತ್ತಾಯ್ತು?"

ಟಾವಿಯಾ ಪಟ್ಟಿಯನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡ.

"ಫ್ಯಾನಿನ ವೈರು ತಿರುಗಿ ನೇರ ಕೊಡು ಅಂತ ಕರೆಸಿದ್ರು. ಕೊಟ್ಟೆ. ಮಾಸ್ಟರು ಕರೆದ್ರೆ ಇಲ್ಲ ಅನ್ನೋಕಾಗುತ್ತಾ ಅಕ್ಕ? ನನಗೆ ಬಿಡುಗಡೆ ಕೊಟ್ಟವರ ಗುರು ಅವರು."

"ಆಗಲ್ಲ," ಅಂದಳು ಬಿರಾಗೊ. "ಹೋಗು, ನಿನ್ನ ಶೆಡ್ಡಿನಲ್ಲಿ ಯಾರೋ ಕಾಯ್ತಿದಾರೆ."

ಟಾವಿಯಾ ಹೋದ. ಅವಳು ಸ್ಕ್ಯಾನರ್ ಎತ್ತಿಕೊಂಡು ತಿರುಗುವಷ್ಟರಲ್ಲಿ, ಓಡುತ್ತಲೇ ಇದ್ದ ಟ್ಯಾಕ್ಸಿಯನ್ನು, ಕಿಟಕಿಯಿಂದ ಎಲ್ಲ ಕೇಳಿಸಿಕೊಂಡಿದ್ದ ಅದರ ಡ್ರೈವರು ಮೆಲ್ಲಗೆ ರಿವರ್ಸಿಗೆ ಹಾಕಿದ್ದ. ಅವಳ ಕಣ್ಣಿಗೆ ಕಣ್ಣು ಕೊಡದೆ, ಕತ್ತು ಹಿಂದಕ್ಕೆ ತಿರುಗಿಸಿಕೊಂಡು, ಸೂರಿನ ಕಂಬಕ್ಕೆ ತಗಲದ ಹಾಗೆ ಜೋಪಾನವಾಗಿ ಗಾಡಿಯನ್ನು ಹೊರಗೆ ತೆಗೆದುಕೊಂಡ. ಓಣಿಯ ಬಾಯಲ್ಲಿ ಅದು ಒಮ್ಮೆ ಆಫ್ ಆಯಿತು. ಅವನು ತಿರುಗಿ ಶುರು ಮಾಡಿಕೊಂಡು ಹೋದ.